ರೀತಿ ಬೇರೆ, ಪಾಲು ಬೇರೆ

ಆತ್ಮೀಯರೇ,

ನಿಮ್ಮ ಪತ್ರ ಬಂದು ಮೂರು ವಾರವಾಯಿತು. ಉತ್ತರ ತಡವಾಗಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಎರಡು ಸಲ ಬರೆದು ಹರಿದು ಹಾಕಿದೆ. ಮೊದಲನೆಯದು ಬರೀ ಉಪದೇಶವಾಗಿತ್ತು. ಎರಡನೆಯದು ಬರೀ ಸಮಾಧಾನ. ನೀವು ಕೇಳಿದ್ದು ಇವೆರಡನ್ನೂ ಅಲ್ಲ.

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ಪತ್ರದ ಸಾರ ಹೇಳಿಬಿಡುತ್ತೇನೆ. ನೀವು ಹನ್ನೊಂದು ಜನರ ತಂಡದ ಮುಖ್ಯಸ್ಥೆ. ತಂಡದವರು ನಾಲ್ಕು ದೇಶಗಳಲ್ಲಿದ್ದಾರೆ. ಪ್ರತಿ ಮಂಗಳವಾರ ವಿಡಿಯೊ ಮೀಟಿಂಗ್. ಒಬ್ಬ ಕಿರಿಯ ಸಹೋದ್ಯೋಗಿ ಯಾವುದಕ್ಕೂ ‘ಆಗಲ್ಲ’ ಎನ್ನುವುದಿಲ್ಲ. ‘ಪ್ರಯತ್ನ ಮಾಡ್ತೀನಿ’ ಎನ್ನುತ್ತಾರೆ. ಕೊನೆಯ ದಿನ ನೋಡಿದರೆ ಕೆಲಸ ಅರ್ಧಕ್ಕೇ ನಿಂತಿರುತ್ತದೆ. ಇನ್ನೊಬ್ಬರು ಎಲ್ಲರಿಗೂ ಕಾಣುವ ಹಾಗೆ ‘ಇದು ತಪ್ಪು, ಮತ್ತೆ ಮಾಡಿ’ ಎಂದು ಒಂದೇ ಸಾಲು ಬರೆದು ಹಾಕುತ್ತಾರೆ. ವಯಸ್ಸಿನಲ್ಲಿ ಹಿರಿಯರಾದ ಮೂರನೆಯವರು, ಮೊದಲ ಭೇಟಿಯಲ್ಲಿ ನೀವು ಕೈ ಚಾಚಿದಾಗ, ಎದೆಯ ಮೇಲೆ ಕೈಯಿಟ್ಟು ತಲೆಬಾಗಿದರು. ಅಷ್ಟೇ ಆಗಿದ್ದರೆ ನೀವು ಮರೆತುಬಿಡುತ್ತಿದ್ದಿರಿ. ಆದರೆ ಮೀಟಿಂಗಿನಲ್ಲಿ ತೀರ್ಮಾನದ ಪ್ರಶ್ನೆ ಬಂದಾಗ ಅವರು ನಿಮ್ಮನ್ನು ಬಿಟ್ಟು, ನಿಮ್ಮ ಕೈಕೆಳಗೆ ಕೆಲಸ ಮಾಡುವ ಹುಡುಗನನ್ನು ಕೇಳುತ್ತಾರೆ. ಇದರ ಮೇಲೆ, ಈ ವರ್ಷದ ಅಪ್ರೈಸಲ್‌ನಲ್ಲಿ ನಿಮ್ಮ ಮ್ಯಾನೇಜರ್ ‘ಕೆಲಸ ಚೆನ್ನಾಗಿದೆ, ಮಾತು ಸ್ವಲ್ಪ ಮೃದುವಾಗಲಿ’ ಎಂದು ಬರೆದಿದ್ದಾರೆ.

ಕೊನೆಯಲ್ಲಿ ನೀವು ಕೇಳಿದ್ದು ಇದು: ‘ಅವರ ಸಂಸ್ಕೃತಿ ಅಂತ ಸುಮ್ಮನಿರಬೇಕಾ, ಇಲ್ಲ ಅವಮಾನ ಅಂತ ಎದ್ದು ಕೇಳಬೇಕಾ?’

ನನಗೆ ತೋಚಿದ್ದನ್ನು ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ವಿಷಯಗಳು ಹೆಣೆದುಕೊಂಡಿವೆ. ಒಂದನ್ನು ರೀತಿ ಎನ್ನೋಣ, ಇನ್ನೊಂದನ್ನು ಪಾಲು ಎನ್ನೋಣ. ಹೇಗೆ ಮಾತಾಡುತ್ತಾರೆ, ಹೇಗೆ ವಂದಿಸುತ್ತಾರೆ, ಒಪ್ಪಿಗೆ ಇಲ್ಲದಿದ್ದರೆ ಅದನ್ನು ಹೇಗೆ ತಿಳಿಸುತ್ತಾರೆ, ಎಷ್ಟು ಹೊತ್ತು ಸುಮ್ಮನಿರುತ್ತಾರೆ, ಇವೆಲ್ಲ ರೀತಿ. ಮಾತಾಡುವ ಸರದಿ ಯಾರಿಗೆ ಸಿಗುತ್ತದೆ, ತೀರ್ಮಾನ ಯಾರದು, ಕೆಲಸದ ಮೇಲೆ ಯಾರ ಹೆಸರು ಬರುತ್ತದೆ, ಬಡ್ತಿ ಯಾರಿಗೆ, ಹೆದರಿಕೆಯಿಲ್ಲದೆ ಕೂರುವವರು ಯಾರು, ಇವು ಪಾಲು. ರೀತಿಯಲ್ಲಿ ಎಷ್ಟು ಬೇಕಾದರೂ ಹೊಂದಿಕೊಳ್ಳಿ. ಪಾಲಿನಲ್ಲಿ ಕೂದಲೆಳೆಯಷ್ಟೂ ಬಿಡಬೇಡಿ. ಹೇಳುವುದು ಸುಲಭ, ಕೆಲಸದ ಗಡಿಬಿಡಿಯಲ್ಲಿ ಎರಡನ್ನೂ ಬೇರ್ಪಡಿಸುವುದು ಕಷ್ಟ. ಅದಕ್ಕೇ ಒಂದೊಂದಾಗಿ ನೋಡೋಣ.

ಮೊದಲು ಕೈ ಕುಲುಕದ ಹಿರಿಯರ ವಿಷಯ. ಸ್ವೀಡನ್ನಿನಲ್ಲಿ ಇಂಥದೇ ಒಂದು ಪ್ರಕರಣ ಕೋರ್ಟಿನವರೆಗೂ ಹೋಗಿತ್ತು. ಅಲ್ಲಿ ಕೈ ಕುಲುಕದೇ ಇದ್ದದ್ದು ಹೆಣ್ಣುಮಗಳು. ಉಪ್ಸಾಲಾದ ಒಬ್ಬ ಮುಸ್ಲಿಂ ಯುವತಿ ದುಭಾಷಿಯ ಕೆಲಸಕ್ಕೆ ಸಂದರ್ಶನಕ್ಕೆ ಹೋಗಿದ್ದರು. ಎದುರಿಗಿದ್ದ ಗಂಡಸು ಕೈ ಚಾಚಿದಾಗ ಅವರು ಎದೆಯ ಮೇಲೆ ಕೈಯಿಟ್ಟು ವಂದಿಸಿದರು. ಸಂದರ್ಶನ ಅಲ್ಲಿಗೇ ಮುಗಿಯಿತು. ಸಂಸ್ಥೆಯ ವಾದ ಏನೆಂದರೆ, ನಮ್ಮಲ್ಲಿ ಗಂಡು ಹೆಣ್ಣು ಎಂಬ ಭೇದ ಮಾಡುವಂತಿಲ್ಲ, ಇವರು ಗಂಡಸರ ಕೈ ಮುಟ್ಟುವುದಿಲ್ಲ ಎಂದರೆ ಅದು ಭೇದವೇ. ಆ ಯುವತಿ ಹೇಳಿದ್ದು, ಗಂಡಸರು ಹೆಂಗಸರು ಇಬ್ಬರೂ ಇರುವ ಕಡೆ ನಾನು ಎಲ್ಲರಿಗೂ ಹೀಗೇ ಎದೆಯ ಮೇಲೆ ಕೈಯಿಟ್ಟು ವಂದಿಸುತ್ತೇನೆ, ಯಾರಿಗೂ ಬೇಸರ ಆಗಬಾರದಲ್ಲ ಎಂದು.

2018ರ ಆಗಸ್ಟ್‌ನಲ್ಲಿ ಅಲ್ಲಿನ ಕಾರ್ಮಿಕ ನ್ಯಾಯಾಲಯ ತೀರ್ಪು ಕೊಟ್ಟಿತು. ಗಂಡು ಹೆಣ್ಣನ್ನು ಸಮನಾಗಿ ಕಾಣಬೇಕು ಎಂದು ಸಂಸ್ಥೆ ಕೇಳಿದ್ದು ಸರಿ, ಆದರೆ ಆ ಸಮಾನತೆಯನ್ನು ಕೈ ಕುಲುಕಿಯೇ ತೋರಿಸಬೇಕು ಎಂದು ಹಟ ಹಿಡಿದದ್ದು ಸರಿಯಲ್ಲ ಎಂದಿತು. ಆ ಯುವತಿಗೆ 40,000 ಕ್ರೋನಾ ಪರಿಹಾರ ಸಿಕ್ಕಿತು. ನ್ಯಾಯಾಧೀಶರಲ್ಲೇ ಒಮ್ಮತ ಇರಲಿಲ್ಲ. ಮೂವರು ಪರವಾಗಿದ್ದರು, ಇಬ್ಬರು ವಿರುದ್ಧ. ಕಾನೂನು ಬಲ್ಲವರಿಗೇ ಇಷ್ಟು ಕಷ್ಟ ಆಯಿತೆಂದ ಮೇಲೆ, ನಿಮಗೆ ಗೊಂದಲ ಆದದ್ದರಲ್ಲಿ ಏನೂ ತಪ್ಪಿಲ್ಲ. ನನಗೆ ಈ ತೀರ್ಪು ಹಿಡಿಸಿತು. ಎಲ್ಲರಿಗೂ ಒಂದೇ ಗೌರವ ಸಿಗಬೇಕು ಎಂಬ ಪಾಲನ್ನು ಅದು ಗಟ್ಟಿಯಾಗಿ ಹಿಡಿದುಕೊಂಡಿತು, ಅದನ್ನು ತೋರಿಸುವ ರೀತಿಯನ್ನು ಬಿಟ್ಟುಕೊಟ್ಟಿತು.

ನಿಮ್ಮ ಹಿರಿಯ ಸಹೋದ್ಯೋಗಿಗೂ ಇದನ್ನೇ ಹಿಡಿದು ನೋಡಿ. ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ್ದು ರೀತಿ. ಅದರಲ್ಲಿ ನಿಮಗೆ ಕಳೆದದ್ದು ಏನೂ ಇಲ್ಲ. ಮುಂದಿನ ಸಲ ನೀವೂ ಹಾಗೇ ವಂದಿಸಿ, ಅಲ್ಲಿಗೆ ಮುಗಿಯಿತು. ಆದರೆ ತೀರ್ಮಾನದ ಪ್ರಶ್ನೆಯನ್ನು ನಿಮ್ಮ ತಲೆಯ ಮೇಲಿಂದ ದಾಟಿಸಿ ಬೇರೆಯವರಿಗೆ ಕೇಳುವುದು ಪಾಲು. ಅದು ನಿಮ್ಮ ಹುದ್ದೆಯನ್ನೇ ಇಷ್ಟಿಷ್ಟು ಕಿತ್ತು ಇನ್ನೊಬ್ಬರ ಕೈಗೆ ಕೊಟ್ಟ ಹಾಗೆ. ಒಂದು ಸಲ ಆದರೆ ಕಣ್ತಪ್ಪು. ಐದನೇ ಸಲಕ್ಕೆ ತಂಡದ ಉಳಿದವರಿಗೂ ಅದೇ ಅಭ್ಯಾಸ ಆಗಿರುತ್ತದೆ.

‘ಅವರ ಊರಲ್ಲಿ ಹಾಗೇ, ಹೆಂಗಸರ ಮಾತಿಗೆ ಬೆಲೆ ಕೊಡಲ್ಲ’ ಎಂದು ನಿಮ್ಮ ಸ್ನೇಹಿತೆಯೊಬ್ಬರು ಹೇಳಿದರಂತೆ. ಈ ಮಾತನ್ನು ಒಪ್ಪಬೇಡಿ. ಅದೇ ಊರಿನಿಂದ ಬಂದು ಹೆಣ್ಣುಮಕ್ಕಳ ಕೈಕೆಳಗೆ ಚೆನ್ನಾಗಿ ಕೆಲಸ ಮಾಡುವವರು ಎಷ್ಟೋ ಜನ ಇರುತ್ತಾರೆ. ಒಬ್ಬರ ನಡತೆಯನ್ನು ಊರಿನ ತಲೆಗೆ ಕಟ್ಟಿದರೆ ಅವರೆಲ್ಲರಿಗೂ ಅನ್ಯಾಯ. ಆ ಊರಿನ ಹೆಂಗಸರಿಗಂತೂ ಇನ್ನೂ ದೊಡ್ಡ ಅನ್ಯಾಯ, ಅಲ್ವಾ? ಅವರ ಪಾಲಿಗೆ ಬೆಲೆ ಇಲ್ಲ ಎಂಬುದೇ ಅವರ ಸಂಸ್ಕೃತಿ ಎಂದು ನಾವು ಇಲ್ಲಿ ಕೂತು ಬರೆದುಕೊಟ್ಟ ಹಾಗಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು ಆ ಹುಡುಗನ ಹತ್ತಿರ ಮಾತಾಡಿ. ನಿಮ್ಮ ಪತ್ರದಲ್ಲಿ ಅವನು ಬರೀ ಪ್ರೇಕ್ಷಕ. ನಿಜವಾಗಿ ನೋಡಿದರೆ ಬೀಗದ ಕೈ ಅವನ ಹತ್ತಿರ ಇದೆ. ಪ್ರಶ್ನೆ ತನ್ನ ಕಡೆ ಬಂದಾಗ ಉತ್ತರ ಕೊಟ್ಟುಬಿಟ್ಟರೆ ದಾರಿ ಅಲ್ಲೇ ತೆರೆಯಿತು. ‘ಇದನ್ನು ತೀರ್ಮಾನ ಮಾಡುವವರು ಮೇಡಂ, ಅವರನ್ನೇ ಕೇಳೋಣ’ ಎಂದರೆ ಮುಚ್ಚಿತು. ಅವನು ಬೇಕೆಂದೇ ಮಾಡುತ್ತಿಲ್ಲದಿರಬಹುದು. ಹಿರಿಯರು ಕೇಳಿದರು, ಉತ್ತರ ಕೊಡದಿದ್ದರೆ ಮರ್ಯಾದೆ ಅಲ್ಲ ಎಂದುಕೊಂಡಿರಬಹುದು. ಹೇಳಿದರೆ ತಿಳಿಯುತ್ತದೆ.

ಆಮೇಲೆ ಆ ಹಿರಿಯರ ಹತ್ತಿರ, ಬೇರೆ ಯಾರೂ ಇಲ್ಲದಾಗ ಮಾತಾಡಿ. ಎಲ್ಲರ ಮುಂದೆ ಬೇಡ. ಕಾರಣವನ್ನು ನೀವೇ ಊಹಿಸಬೇಡಿ. ‘ಕಳೆದ ಎರಡು ಮೀಟಿಂಗಿನಲ್ಲಿ ಬಜೆಟ್ ಬಗ್ಗೆ ನೀವು ಅವರನ್ನು ಕೇಳಿದಿರಿ. ಬಜೆಟ್ ನನ್ನ ತೀರ್ಮಾನ. ಇನ್ನು ಮುಂದೆ ನನ್ನನ್ನೇ ಕೇಳಿ’ ಎಂದರೆ ಸಾಕು. ಹಳೆಯ ಪರಿಚಯ ಇತ್ತು ಎನ್ನಬಹುದು, ಯಾರು ಏನು ನೋಡಿಕೊಳ್ಳುತ್ತಾರೆ ಎಂದು ಗೊತ್ತಿರಲಿಲ್ಲ ಎನ್ನಬಹುದು. ಕೇಳಿಸಿಕೊಳ್ಳಿ. ಕಾರಣ ಯಾವುದಾದರೂ ಇರಲಿ, ಪ್ರಶ್ನೆ ಇನ್ನು ಮುಂದೆ ನಿಮಗೇ ಬರಬೇಕು. ಅವರ ಮನಸ್ಸನ್ನು ಬದಲಾಯಿಸುವ ಹೊಣೆ ನಿಮ್ಮದಲ್ಲ.

ಇನ್ನು ‘ಪ್ರಯತ್ನ ಮಾಡ್ತೀನಿ’ ಎನ್ನುವವರು. ಇವರ ಬಗ್ಗೆ ಬರೆಯುವಾಗ ನನಗೆ ನನ್ನದೇ ಒಂದು ಹಳೆಯ ತಪ್ಪು ನೆನಪಾಗುತ್ತದೆ. ಈ ಪತ್ರಿಕೆಗೆ ಬರುವ ಮುಂಚೆ ನಾನು ಇನ್ನೊಂದು ಕಡೆ ಇದ್ದೆ. ಅಲ್ಲಿ ಬೇರೆ ದೇಶದ ತಂಡವೊಂದರ ಜೊತೆ ಕೆಲಸ. ಒಂದು ವಿಶೇಷ ಸಂಚಿಕೆಗೆ ದಿನ ಗೊತ್ತುಮಾಡುವಾಗ ಆ ಕಡೆಯ ಹೆಣ್ಣುಮಗಳು ‘ಇದು ಸ್ವಲ್ಪ ಕಷ್ಟ ಆಗಬಹುದು’ ಎಂದಳು. ಕಷ್ಟಪಟ್ಟು ಮಾಡುತ್ತಾಳೆ ಎಂದು ನಾನು ತಿಳಿದುಕೊಂಡೆ. ಆಗುವುದೇ ಇಲ್ಲ ಎಂದು ಅವಳು ಹೇಳಿದ್ದಳು, ತನಗೆ ಗೊತ್ತಿದ್ದ ಅತ್ಯಂತ ಸ್ಪಷ್ಟವಾದ ಮಾತಿನಲ್ಲಿ. ಕೊನೆಯ ದಿನ ಪುಟಗಳು ಖಾಲಿ. ನಾನು ಎಲ್ಲರ ಮುಂದೆ ಅವಳ ಮೇಲೆ ಕೂಗಾಡಿದೆ. ತಿಂಗಳೊಳಗೆ ಅವಳು ಕೆಲಸ ಬಿಟ್ಟಳು. ನನ್ನ ಕಿವಿಯ ದೋಷಕ್ಕೆ ಅವಳು ಬೆಲೆ ಕೊಟ್ಟಳು. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ.

ಎಡ್ವರ್ಡ್ ಹಾಲ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು 1976ರಲ್ಲೇ ಈ ವ್ಯತ್ಯಾಸವನ್ನು ವಿವರಿಸಿದ್ದರು. ಕೆಲವು ಕಡೆ ಅರ್ಥವೆಲ್ಲ ಮಾತಿನೊಳಗೇ ಇರುತ್ತದೆ. ಕೆಲವು ಕಡೆ ಅರ್ಧ ಅರ್ಥ ಮಾತಿನ ಹೊರಗಿರುತ್ತದೆ: ಯಾರು ಹೇಳಿದರು, ಯಾರ ಮುಂದೆ ಹೇಳಿದರು, ಎಷ್ಟು ತಡೆದು ಹೇಳಿದರು ಎನ್ನುವುದರಲ್ಲಿ. ಹೀಗೆ ಬೆಳೆದವರು ‘ಕಷ್ಟ’ ಎಂದಾಗ ಮುಗಿಯಿತು ಎಂದೇ ಅರ್ಥ. ‘ನೋಡೋಣ’ ಎಂದು ಹೇಳಿ ಇಲ್ಲ ಎಂದು ತಿಳಿಸುವುದು ಕನ್ನಡದಲ್ಲಿ ಮಾತಾಡುವ ನಮಗೆ ಗೊತ್ತಿಲ್ಲದ್ದೇನಲ್ಲ.

ಆದರೆ ಇಂಥ ವಿವರಣೆಗಳನ್ನು ಹಣೆಪಟ್ಟಿ ಮಾಡಿಕೊಳ್ಳಬೇಡಿ. ನೆದರ್‌ಲ್ಯಾಂಡ್ಸಿನ ಸಂಶೋಧಕ ಖೇರ್ಟ್ ಹಾಫ್‌ಸ್ಟೀಡ್ ಅವರು 1967ರಿಂದ 1973ರವರೆಗೆ ಐಬಿಎಂ ಎಂಬ ಕಂಪ್ಯೂಟರ್ ಕಂಪನಿಯ ನೌಕರರಿಂದ ಒಂದು ಲಕ್ಷಕ್ಕೂ ಹೆಚ್ಚು ಪ್ರಶ್ನಾವಳಿ ತುಂಬಿಸಿ, ಯಾವ ದೇಶದಲ್ಲಿ ಮೇಲಧಿಕಾರಿಗೂ ನೌಕರನಿಗೂ ನಡುವಿನ ಅಂತರ ಎಷ್ಟು ಎಂದು ಅಳೆದರು. ಅದು ದೇಶದ ಸರಾಸರಿ. ಒಬ್ಬ ವ್ಯಕ್ತಿಗೆ ಅದನ್ನು ಹಚ್ಚಬಾರದು ಎಂದು ಅವರೇ ಎಚ್ಚರಿಸಿದ್ದರು. ಆದರೂ ಆ ಅಂಕಿಗಳನ್ನು ಹಿಡಿದುಕೊಂಡು ಎದುರು ಕೂತವರನ್ನು ಅಳೆಯುವ ತರಬೇತಿಗಳು ಇವತ್ತಿಗೂ ನಡೆಯುತ್ತಲೇ ಇವೆ.

ನಮ್ಮ ಊಹೆ ಎಷ್ಟು ತಪ್ಪಾಗಬಹುದು ಎನ್ನುವುದಕ್ಕೆ ನನಗೆ ಇಷ್ಟವಾದ ಒಂದು ಉದಾಹರಣೆ ಇದೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹತ್ತು ಭಾಷೆಗಳ ಮಾತುಕತೆಯನ್ನು ವಿಡಿಯೊದಲ್ಲಿ ದಾಖಲಿಸಿ, ಒಬ್ಬರು ಹೌದು–ಇಲ್ಲ ಪ್ರಶ್ನೆ ಕೇಳಿದ ಮೇಲೆ ಇನ್ನೊಬ್ಬರು ಉತ್ತರಿಸಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಎಂದು ಅಳೆದರು. ಜಪಾನಿನವರು ಯೋಚಿಸಿ ನಿಧಾನವಾಗಿ ಉತ್ತರಿಸುತ್ತಾರೆ ಎಂದು ತಾನೇ ನಾವು ಕೇಳಿರುವುದು? ಎಲ್ಲರಿಗಿಂತ ಬೇಗ ಉತ್ತರ ಬಂದದ್ದು ಜಪಾನಿ ಭಾಷೆಯಲ್ಲಿ, ಸರಾಸರಿ ಬರೀ 7 ಮಿಲಿಸೆಕೆಂಡಿನ ಅಂತರ. ಎಲ್ಲರಿಗಿಂತ ತಡ ಡೇನಿಷ್ ಭಾಷೆಯವರು, 469 ಮಿಲಿಸೆಕೆಂಡ್. ಅದು ಕೂಡ ಅರ್ಧ ಸೆಕೆಂಡಿಗಿಂತ ಕಡಿಮೆ! ಇಷ್ಟು ಚಿಕ್ಕ ವ್ಯತ್ಯಾಸವೂ ಎದುರಿನವರಿಗೆ ‘ಯಾಕೋ ಹಿಂಜರಿದರು’ ಎಂದೋ ‘ಬಾಯಿ ಹಾಕಿದರು’ ಎಂದೋ ಅನ್ನಿಸಬಹುದು. ವಿಡಿಯೊ ಕರೆಯಲ್ಲಂತೂ ಧ್ವನಿ ತಲುಪುವುದೇ ತಡ. ಅಲ್ಲಿನ ಮೌನಕ್ಕೆ ಅರ್ಥ ಕಟ್ಟುವ ಮುಂಚೆ ಮೂರು ಉಸಿರು ಕಾಯಿರಿ.

ಇನ್ನೂ ಒಂದು ಮಾತು. ಕಿರಿಯರು ಬಾಯಿ ಬಿಡದಿರುವುದು ಬರೀ ದೇಶದ ಸಂಸ್ಕೃತಿಯಿಂದಲ್ಲ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರೀಫ್ ದ್ವೀಪದ ರನ್‌ವೇ ಮೇಲೆ, ದಟ್ಟ ಮಂಜಿನಲ್ಲಿ, ಎರಡು ಜಂಬೊ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಹೊರಟಿದ್ದ ವಿಮಾನದ ಫ್ಲೈಟ್ ಎಂಜಿನಿಯರ್ ‘ಆ ಇನ್ನೊಂದು ವಿಮಾನ ರನ್‌ವೇಯಿಂದ ಆಚೆ ಹೋಗಿಲ್ಲವೇ’ ಎಂದು ಕೇಳಿದ್ದರು. ಕ್ಯಾಪ್ಟನ್ ‘ಹೋಗಿದೆ’ ಎಂದು ಮುಂದುವರಿದರು. ಆ ಕ್ಯಾಪ್ಟನ್ ಅವರ ಕಂಪನಿಯಲ್ಲಿ ಬಹಳ ದೊಡ್ಡ ಹೆಸರು, ಉಳಿದ ಪೈಲಟ್‌ಗಳಿಗೆ ಪಾಠ ಹೇಳುವವರು. ಆ ಉತ್ತರದ ಮೇಲೆ ಎಂಜಿನಿಯರ್ ಮತ್ತೆ ಒತ್ತಾಯಿಸಲಿಲ್ಲ. ಇಬ್ಬರೂ ಒಂದೇ ದೇಶದವರು, ಒಂದೇ ಭಾಷೆಯವರು. ನಡುವೆ ಇದ್ದದ್ದು ಹುದ್ದೆಯ ಎತ್ತರ ಒಂದೇ. ಇಂಥ ಅಪಘಾತಗಳಾದ ಮೇಲೆ 1979ರಲ್ಲಿ ನಾಸಾ ಒಂದು ಕಾರ್ಯಾಗಾರ ನಡೆಸಿತು. ವಿಮಾನ ಸಿಬ್ಬಂದಿಗೆ ಮಾತಾಡುವುದನ್ನೂ ಕೇಳುವುದನ್ನೂ ಕಲಿಸುವ ತರಬೇತಿ ಅಲ್ಲಿಂದ ಬೆಳೆಯಿತು. ಕಿರಿಯರಿಗೆ ಗಟ್ಟಿಯಾಗಿ ಹೇಳಲು ಕಲಿಸಿದ್ದರ ಜೊತೆಗೇ ಕ್ಯಾಪ್ಟನ್‌ಗೆ ಕಿವಿಗೊಡಲು ಕಲಿಸಿದರು ಎನ್ನುವುದನ್ನು ಗಮನಿಸಿ.

ನಿಮ್ಮ ತಂಡದಲ್ಲಿ ಕ್ಯಾಪ್ಟನ್ ನೀವು. ‘ಶುಕ್ರವಾರಕ್ಕೆ ಆಗುತ್ತಾ?’ ಎಂದು ಹನ್ನೊಂದು ಜನರ ಮುಂದೆ ಕೇಳಿದರೆ ಆ ಕಿರಿಯರಿಗೆ ಉಳಿದಿರುವುದು ಒಂದೇ ಉತ್ತರ. ಅದರ ಬದಲು, ಮೀಟಿಂಗಿಗೆ ಮುಂಚೆ, ಇಬ್ಬರೇ ಇರುವಾಗ, ‘ಶುಕ್ರವಾರಕ್ಕೆ ಇದು ಮುಗಿಯಬೇಕಾದರೆ ಯಾವುದನ್ನು ಪಕ್ಕಕ್ಕಿಡಬೇಕು?’ ಎಂದು ಕೇಳಿ. ಅದಕ್ಕೆ ಹೌದು ಇಲ್ಲ ಎಂದು ಉತ್ತರಿಸಲು ಬರುವುದಿಲ್ಲ. ಅವರು ಒಂದು ಸಲ ‘ಆಗಲ್ಲ’ ಎಂದ ದಿನ ಮುಖ ಸಣ್ಣ ಮಾಡಬೇಡಿ, ಹೇಳಿದ್ದು ಒಳ್ಳೆಯದಾಯಿತು ಎನ್ನಿ. ಎರಡನೇ ಸಲ ಅವರೇ ಹೇಳುತ್ತಾರೆ.

ಒಂದೇ ಸಾಲಿನಲ್ಲಿ ‘ಇದು ತಪ್ಪು’ ಎಂದು ಬರೆಯುವವರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅವರ ಹಳೆಯ ಸಂದೇಶಗಳನ್ನು ಒಮ್ಮೆ ತೆಗೆದು ನೋಡಿ. ಎಲ್ಲರಿಗೂ ಹೀಗೇ ಬರೆಯುತ್ತಾರಾ, ಇಲ್ಲ ಕೆಲವರಿಗೆ ಮಾತ್ರವಾ? ಎಲ್ಲರಿಗೂ ಆದರೆ ಅದು ಅವರ ರೀತಿ. ತಪ್ಪನ್ನು ಆಯಾ ಜನಕ್ಕೆ ಮಾತ್ರ ಕಾಣುವ ಹಾಗೆ ಬರೆಯಿರಿ, ಯಾಕೆ ತಪ್ಪು ಎಂದೂ ಒಂದು ಸಾಲು ಸೇರಿಸಿ ಎಂದರೆ ಸಾಕು. ಹೆಣ್ಣುಮಕ್ಕಳಿಗೆ ಮಾತ್ರ, ಅಥವಾ ಒಂದು ದೇಶದವರಿಗೆ ಮಾತ್ರ ಹೀಗೆ ಎಂದಾದರೆ ಆ ಮಾತುಕತೆಯೇ ಬೇರೆ.

ಈಗ ನಿಮ್ಮ ಅಪ್ರೈಸಲ್. ಅದನ್ನು ಓದಿದಾಗ ನನಗೆ ಆನ್ ಹಾಪ್ಕಿನ್ಸ್ ನೆನಪಾದರು. 1982ರಲ್ಲಿ ಅಮೆರಿಕದ ಪ್ರೈಸ್ ವಾಟರ್‌ಹೌಸ್ ಎಂಬ ದೊಡ್ಡ ಲೆಕ್ಕಪತ್ರ ಸಂಸ್ಥೆಯಲ್ಲಿ ಅವರ ಹೆಸರು ಪಾಲುದಾರಿಕೆಗೆ ಬಂತು. ಆ ವರ್ಷ ಹೆಸರು ಬಂದಿದ್ದ 88 ಜನರಲ್ಲಿ ಅವರೊಬ್ಬರೇ ಹೆಂಗಸು. ಆಗ ಸಂಸ್ಥೆಯಲ್ಲಿದ್ದ 662 ಪಾಲುದಾರರಲ್ಲಿ ಹೆಂಗಸರು 7 ಜನ. ಸರ್ಕಾರದ ದೊಡ್ಡದೊಂದು ಗುತ್ತಿಗೆ ತಂದುಕೊಟ್ಟವರು ಅವರು. ಆದರೂ ಪಾಲುದಾರಿಕೆ ಸಿಗಲಿಲ್ಲ. ಹೆಣ್ಣಿನ ಹಾಗೆ ನಡೆಯಿರಿ, ಹೆಣ್ಣಿನ ಹಾಗೆ ಮಾತಾಡಿ, ಮೇಕಪ್ ಮಾಡಿಕೊಳ್ಳಿ, ಒಡವೆ ಹಾಕಿಕೊಳ್ಳಿ, ಆಗ ಅವಕಾಶ ಹೆಚ್ಚಾದೀತು ಎಂದು ಸಲಹೆ ಸಿಕ್ಕಿತು. ಅವರು ಕೋರ್ಟಿಗೆ ಹೋದರು. ಹೆಣ್ಣು ಹೀಗೇ ಇರಬೇಕು ಎಂಬ ಅಚ್ಚಿಗೆ ಹೊಂದಲಿಲ್ಲವೆಂದು ಅವಕಾಶ ತಪ್ಪಿಸುವುದೂ ಲಿಂಗ ತಾರತಮ್ಯವೇ ಎಂಬುದನ್ನು 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಿತು. ಕೊನೆಗೆ ಕೋರ್ಟಿನ ಆದೇಶದಿಂದಲೇ ಅವರು ಪಾಲುದಾರರಾದರು.

ಗಟ್ಟಿಯಾಗಿ ಮಾತಾಡದಿದ್ದರೆ ಈ ಕೆಲಸಕ್ಕೆ ಆಗುವುದಿಲ್ಲ ಎನ್ನುತ್ತಾರೆ, ಗಟ್ಟಿಯಾಗಿ ಮಾತಾಡಿದರೆ ಒರಟು ಎನ್ನುತ್ತಾರೆ. ಹೆಣ್ಣುಮಕ್ಕಳನ್ನು ಸಿಕ್ಕಿಸುವ ಇಕ್ಕಟ್ಟು ಇದೇ. ನಿಮ್ಮ ಮ್ಯಾನೇಜರ್ ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ನಿಮ್ಮ ಮಾತು ಎಲ್ಲೋ ಯಾರಿಗೋ ನೋವು ಮಾಡಿದ್ದೂ ಇರಬಹುದು, ಅದನ್ನು ತಿಳಿದುಕೊಳ್ಳುವುದು ನಿಮಗೂ ಒಳ್ಳೆಯದು. ಅದಕ್ಕೇ ನೇರವಾಗಿ ಕೇಳಿ. ಯಾವ ದಿನ, ಯಾವ ಮಾತು? ಅದರಿಂದ ಕೆಲಸಕ್ಕೆ ಏನು ತೊಂದರೆ ಆಯಿತು? ಅದೇ ಮಾತನ್ನು ಪಕ್ಕದ ತಂಡದ ಮುಖ್ಯಸ್ಥರು ಆಡಿದ್ದರೆ ಅವರ ಅಪ್ರೈಸಲ್‌ನಲ್ಲಿ ಏನು ಬರೆಯುತ್ತಿದ್ದಿರಿ? ಮೊದಲೆರಡಕ್ಕೆ ಉತ್ತರ ಇದ್ದರೆ ತಿದ್ದಿಕೊಳ್ಳಿ. ಇಲ್ಲದಿದ್ದರೆ ಆ ಸಾಲನ್ನು ತೆಗೆಯಿರಿ ಎಂದು ಬರಹದಲ್ಲಿ ಕೇಳಿ. ಬಡ್ತಿ ಕೊಡುವಾಗ ಅಪ್ರೈಸಲ್‌ನ ಸಾಲು ಎದ್ದು ಬರುತ್ತದೆ, ಆಡಿದ ಹೊಗಳಿಕೆ ಯಾರಿಗೂ ನೆನಪಿರುವುದಿಲ್ಲ.

ಪತ್ರದ ಮಧ್ಯೆ ಎಲ್ಲೋ ಒಂದು ಕಡೆ, ‘ಮೀಟಿಂಗಿನ ಟಿಪ್ಪಣಿ ಹೇಗೂ ನಾನೇ ಬರೆಯುತ್ತೇನಲ್ಲ’ ಎಂದು ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತುಬಿಟ್ಟೆ. ತಂಡದ ಮುಖ್ಯಸ್ಥೆ ಟಿಪ್ಪಣಿ ಯಾಕೆ ಬರೆಯಬೇಕು? ಬರೆಯುತ್ತಾ ಕೂತವರಿಗೆ ಚರ್ಚೆ ನಡೆಸಲು ಕೈ ಎಲ್ಲಿ ಬಿಡುವು?

ಅಮೆರಿಕದ ಅರ್ಥಶಾಸ್ತ್ರಜ್ಞೆ ಲಿಂಡಾ ಬ್ಯಾಬ್‌ಕಾಕ್ ಮತ್ತು ಅವರ ಜೊತೆಗಾರ್ತಿಯರು 2017ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಮೂರು ಮೂರು ಜನರ ಗುಂಪು. ಎರಡು ನಿಮಿಷದೊಳಗೆ ಒಬ್ಬರು ಒಂದು ಗುಂಡಿ ಒತ್ತಬೇಕು. ಒತ್ತಿದರೆ ಮೂವರಿಗೂ ಲಾಭ, ಆದರೆ ಒತ್ತಿದವರಿಗೆ ಉಳಿದಿಬ್ಬರಿಗಿಂತ ಕಡಿಮೆ ದುಡ್ಡು. ಗಂಡು ಹೆಣ್ಣು ಬೆರೆತ ಗುಂಪುಗಳಲ್ಲಿ ಹೆಂಗಸರೇ ಗಂಡಸರಿಗಿಂತ ಬಹಳ ಹೆಚ್ಚಾಗಿ ಗುಂಡಿ ಒತ್ತಿದರು. ಹೆಂಗಸರ ಸ್ವಭಾವವೇ ಹಾಗೆ ಎನ್ನೋಣವೆಂದರೆ, ಬರೀ ಗಂಡಸರೇ ಇದ್ದ ಗುಂಪುಗಳಲ್ಲಿ ಗಂಡಸರೂ ಅಷ್ಟೇ ಒತ್ತಿದರು! ಅವಳು ಮಾಡುತ್ತಾಳೆ ಎಂದು ಎಲ್ಲರೂ ಕಾಯುತ್ತಾರೆ. ಹಾಗೆ ಕಾಯುತ್ತಿದ್ದಾರೆ ಎಂದು ಅವಳಿಗೂ ಗೊತ್ತಿರುತ್ತದೆ. ನಮ್ಮ ಕಚೇರಿಯಲ್ಲೂ ನಾಲ್ಕು ವರ್ಷ ಒಬ್ಬ ಉಪಸಂಪಾದಕಿಯೇ ಟಿಪ್ಪಣಿ ಬರೆದರು. ‘ಸರದಿ ಯಾಕಿಲ್ಲ?’ ಎಂದು ಅವರೇ ಕೇಳುವವರೆಗೆ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಈಗ ಗೋಡೆಯ ಮೇಲೆ ಹೆಸರುಗಳ ಪಟ್ಟಿ ಇದೆ. ಅದರಲ್ಲಿ ನನ್ನ ಹೆಸರೂ ಇದೆ.

ಒಂದು ವಿಷಯವನ್ನು ಮಾತ್ರ ಈ ರೀತಿ–ಪಾಲಿನ ಲೆಕ್ಕಕ್ಕೆ ತರಲೇಬೇಡಿ. ಮೈ ಮುಟ್ಟುವುದು, ಅಸಹ್ಯದ ಮಾತು, ಬೆದರಿಕೆ, ರಾತ್ರಿ ಹೊತ್ತು ಬರುವ ಬೇಡದ ಸಂದೇಶ, ಇವಕ್ಕೆ ‘ಅವರ ಕಡೆ ಹಾಗೇ’ ಎಂಬ ವಿವರಣೆ ಇಲ್ಲ. ಕೆಲಸದಲ್ಲಿನ ಹಿಂಸೆ ಮತ್ತು ಕಿರುಕುಳದ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಒಂದು ಒಪ್ಪಂದ ಮಾಡಿತು, 190ನೇ ಒಪ್ಪಂದ. 2021ರಲ್ಲಿ ಅದು ಜಾರಿಗೆ ಬಂತು. ಕಚೇರಿಯ ಒಳಗೆ ಮಾತ್ರವಲ್ಲ, ಕೆಲಸದ ಪ್ರಯಾಣದಲ್ಲೂ ಕೆಲಸದ ಫೋನು, ಸಂದೇಶಗಳಲ್ಲೂ ನಡೆಯುವುದನ್ನು ಅದು ಒಳಗೊಳ್ಳುತ್ತದೆ. ನಿಮ್ಮ ತಂಡದಲ್ಲಿ ಯಾರಾದರೂ ಇಂಥದನ್ನು ಹೇಳಿಕೊಂಡು ಬಂದರೆ, ಹೇಳಿದ್ದನ್ನು ಅವತ್ತೇ ಬರೆದಿಟ್ಟುಕೊಂಡು, ಅವರ ಒಪ್ಪಿಗೆ ಪಡೆದು, ದೂರು ಕೇಳುವವರ ಹತ್ತಿರ ಜೊತೆಯಲ್ಲಿ ಹೋಗಿ.

ಯಾವುದರಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಮಂಗಳವಾರಕ್ಕೆ ಮುಂಚೆ ಆ ಹುಡುಗನ ಜೊತೆ ಹತ್ತು ನಿಮಿಷ, ಆಮೇಲೆ ಆ ಹಿರಿಯರ ಜೊತೆ ಹತ್ತು ನಿಮಿಷ. ಅಪ್ರೈಸಲ್ ಮುಂದಿನ ವಾರಕ್ಕಿರಲಿ, ಒಂದೇ ವಾರದಲ್ಲಿ ಎಲ್ಲವನ್ನೂ ಹೊತ್ತುಕೊಳ್ಳಬೇಡಿ. ಮಂಗಳವಾರ ಮೀಟಿಂಗ್ ಶುರುವಾದ ಕೂಡಲೇ ‘ಇವತ್ತು ಟಿಪ್ಪಣಿ ಯಾರು ಬರೆಯುತ್ತೀರಿ?’ ಎಂದು ಕೇಳಿ. ಕೇಳಿ ಸುಮ್ಮನಿರಿ. ಯಾರೂ ಮಾತಾಡದೆ ಒಂದಷ್ಟು ಹೊತ್ತು ಹೋಗಬಹುದು. ಆ ಮೌನ ತುಂಬಲು ನೀವು ಪೆನ್ನು ಎತ್ತಿಕೊಳ್ಳಬೇಡಿ.

–ಸಂ.